ಬಾವಲಿಗೂ ಮುಟ್ಟು, ಭೂಮಿಗೂ ಮುಟ್ಟು

ಅಡಿಕೆ ತೋಟಕ್ಕೆ ರಾತ್ರಿ ಹೊತ್ತು ಹಾರಿ ಬಂದು, ಹಣ್ಣಡಿಕೆಯ ಸಿಪ್ಪೆ ಚೀಪಿ, ಬೆಳಗಾಗುವುದರೊಳಗೆ ಮರದ ಬುಡದಲ್ಲಿ ಅಡಿಕೆ ಉದುರಿಸಿ ಹೋಗುವ ಬಾವಲಿಯನ್ನು ಮಲೆನಾಡಿನಲ್ಲಿ ಯಾರು ನೋಡಿಲ್ಲ? ಆ ಬಳಗದ ಒಂದು ಬಾವಲಿಗೆ ಮುಟ್ಟಾಗುತ್ತದೆ! ಹೆಣ್ಣುಮಕ್ಕಳಿಗೆ ಆಗುವ ಹಾಗೆಯೇ, ಗರ್ಭಕೋಶದ ಒಳಪೊರೆ ಕಳಚಿ, ರಕ್ತ ಹರಿದು, ಮತ್ತೆ ಹೊಸ ಪೊರೆ ಕಟ್ಟಿಕೊಳ್ಳುತ್ತದೆ. ರೂಸೆಟ್ಟಸ್ ಲೆಶೆನಾಲ್ಟಿ ಎಂಬುದು ಅದರ ವೈಜ್ಞಾನಿಕ ಹೆಸರು. ಪಶ್ಚಿಮಘಟ್ಟವೂ ಸೇರಿ ಇಂಡಿಯಾದ ಉದ್ದಗಲಕ್ಕೂ ಇದೆ. ಗುಹೆಗಳಲ್ಲಿ, ಹಾಳುಬಿದ್ದ ಹಳೆಯ ಕಟ್ಟಡಗಳಲ್ಲಿ ಜೋತುಬಿದ್ದು ಹಗಲು ಕಳೆಯುತ್ತದೆ. 2007ರಲ್ಲಿ ಚೀನಾದ ಸಂಶೋಧಕರು ಇದರ ಋತುಚಕ್ರವನ್ನು ಅಳೆದರು. ಸುಮಾರು 33 ದಿನ. ನಮ್ಮದಕ್ಕೆ ಎಷ್ಟು ಹತ್ತಿರ ನೋಡಿ!

ಇದನ್ನು ಓದಿದ ಮೇಲೆ ತೀರ್ಥಹಳ್ಳಿಯಿಂದ ಮೇಗರವಳ್ಳಿ ದಾಟಿ ಆಗುಂಬೆಗೆ ಹೋಗುವ ದಾರಿ ನನಗೆ ಬೇರೆಯೇ ಆಗಿ ಕಾಣತೊಡಗಿದೆ. ರಸ್ತೆ ಬದಿಯಲ್ಲಿ ಮರಿ ಅವಚಿಕೊಂಡು ಕೂತ ಮಂಗಕ್ಕೆ ಮುಟ್ಟಾಗುತ್ತದೆ. ಕಾಡಿನೊಳಗಿನ ಸಿಂಗಳೀಕಕ್ಕೂ ಆಗುತ್ತದೆ. ಕೊಟ್ಟಿಗೆಯ ಹಸುವಿಗೆ ಇಲ್ಲ, ಎಮ್ಮೆಗೆ ಇಲ್ಲ. ನಾಯಿಗೆ ಬೆದೆಯ ಹೊತ್ತಿನಲ್ಲಿ ಕಾಣುವ ರಕ್ತ ಬೇರೆಯದೇ ಸಂಗತಿ. ಜಗತ್ತಿನ 6,000ಕ್ಕೂ ಮಿಕ್ಕ ಸಸ್ತನಿ ಪ್ರಭೇದಗಳಲ್ಲಿ ಮುಟ್ಟಾಗುವವು, ತಿಳಿದಿರುವಷ್ಟರಲ್ಲಿ, ನೂರನ್ನೂ ದಾಟುವುದಿಲ್ಲ. ಎಷ್ಟು ಅಪರೂಪದ ಗುಂಪಿಗೆ ಸೇರಿದವರು ನಾವು!

ಏಕೆ ಹೀಗೆ ಎಂದು ಕೇಳಿದರೆ ಇನ್ನೂ ದೊಡ್ಡ ಬೆರಗು. ಹೆಚ್ಚಿನ ಪ್ರಾಣಿಗಳ ಗರ್ಭಕೋಶ ಭ್ರೂಣ ಬಂದು ಸುಳಿವು ಕೊಟ್ಟ ಮೇಲಷ್ಟೇ ಅದಕ್ಕೆ ಹಾಸಿಗೆ ಹಾಸಲು ಎದ್ದೇಳುತ್ತದೆ. ನಮ್ಮದು ಹಾಗಲ್ಲ. ಯಾರೂ ಬರುವ ಮೊದಲೇ, ಬರುತ್ತಾರೋ ಇಲ್ಲವೋ ಗೊತ್ತಾಗುವ ಮೊದಲೇ, ಪ್ರತಿ ತಿಂಗಳೂ ತಾನಾಗಿ ಸಿದ್ಧವಾಗುತ್ತದೆ. ಯಾರೂ ಬರಲಿಲ್ಲವೆಂದರೆ ಹಳೆಯದನ್ನು ಕಳಚಿ ಮತ್ತೆ ಮೊದಲಿನಿಂದ ಹೊಸತು. ಅಂದರೆ ಮುಟ್ಟು ಎಂಬುದೇ ಒಂದು ಮುನ್ಸಿದ್ಧತೆ! ಮಳೆಗಾಲ ಹಿಡಿಯುವ ಮುಂಚೆ ಸೌದೆ ಒಟ್ಟಿ, ಹಪ್ಪಳ ಒಣಗಿಸಿ, ಮಿಡಿ ಉಪ್ಪಿನಕಾಯಿ ಭರಣಿಗೆ ತುಂಬಿ ಕೂರುವ ಮಲೆನಾಡಿನ ಮನೆಯೊಡತಿಯ ಹಾಗೆ ನಮ್ಮ ಮೈ ತಿಂಗಳು ತಿಂಗಳೂ ಮುಂದಿನದಕ್ಕೆ ಅಣಿಯಾಗುತ್ತದೆ.

1940ರಲ್ಲಿ ಮಾರ್ಕೀ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಕಣ್ಣಾರೆ ಕಂಡ ಬಗೆಯಂತೂ ನಂಬಲಿಕ್ಕೇ ಆಗದಂಥದ್ದು. ಮಂಗದ ಗರ್ಭಕೋಶದ ಒಳಪೊರೆಯ ಚೂರನ್ನು ಅದೇ ಮಂಗದ ಕಣ್ಣಿನ ಮುಂಭಾಗದಲ್ಲಿ ನಾಟಿ ಮಾಡಿದರು. ಅದು ಅಲ್ಲೇ ಬೇರೂರಿತು. ಮುಟ್ಟಿನ ಕಾಲ ಬಂದಾಗ ಕಣ್ಣೊಳಗಿನ ಆ ಚೂರೂ ರಕ್ತ ಸುರಿಸಿತು! ಕಣ್ಣಿನ ಪಾರದರ್ಶಕ ಪಟಲದ ಮೂಲಕ ಅವರು ನೋಡಿದ್ದು ಇಷ್ಟು: ಒಳಪೊರೆಯ ಸುರುಳಿ ರಕ್ತನಾಳಗಳು ಮೊದಲು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ, ಆಮೇಲೆ ಸಡಿಲಗೊಳ್ಳುತ್ತವೆ, ಆಗ ರಕ್ತ ಒಸರುತ್ತದೆ. ಸೋರಿಕೆಯಲ್ಲ ಅದು, ಅಳೆದು ತೂಗಿ ನಡೆಯುವ ಕೆಲಸ. ರಕ್ತ ಹೆಪ್ಪುಗಟ್ಟಿ ಸಿಕ್ಕಿಕೊಳ್ಳದಂತೆ ಕರಗಿಸುವ ರಸಾಯನವನ್ನೂ ಗರ್ಭಕೋಶ ತಾನೇ ಒದಗಿಸಿಕೊಳ್ಳುತ್ತದೆ. ಇಂಬಳ ಕಚ್ಚಿದಾಗ ರಕ್ತ ನಿಲ್ಲದೆ ಹರಿಯುವುದು ಅದರ ಜೊಲ್ಲಿನ ಗುಣದಿಂದ ಎಂದು ಮೇಗರವಳ್ಳಿಯ ಶಾಲೆ ಮಕ್ಕಳೂ ಹೇಳಿಯಾರು. ಅಂಥದೇ ಜಾಣ್ಮೆ ತಮ್ಮೊಳಗೂ ಇದೆಯೆಂದು ಆ ಹೆಣ್ಣುಮಕ್ಕಳಿಗೆ ಹೇಳುವವರು ಬೇಕು. ಮತ್ತೆ ಗಾಯ? ಅಷ್ಟಗಲದ ಪೊರೆ ಕಳಚಿದರೂ ಒಂದು ಕಲೆಯೂ ಉಳಿಯದೆ ಮಾಯುತ್ತದೆ, ಜೀವಮಾನದಲ್ಲಿ ನಾನೂರು ಸಲದ ಹತ್ತಿರ ಹತ್ತಿರ! ಮುಟ್ಟಿನ ಸ್ರಾವದಲ್ಲಿ ಕಾಂಡಕೋಶಗಳಿವೆಯೆಂದು ಗೊತ್ತಾಗಿ, ಗಾಯ ಮಾಯುವ ಗುಟ್ಟನ್ನು ವಿಜ್ಞಾನಿಗಳು ಈಗ ಅಲ್ಲಿ ಹುಡುಕುತ್ತಿದ್ದಾರೆ. ಮೈಲಿಗೆ ಎಂದು ದೂರ ಇಟ್ಟದ್ದರಲ್ಲಿ!

ಇಷ್ಟೆಲ್ಲ ನಡೆದು ಹೋಗುವ ರಕ್ತವಾದರೂ ಎಷ್ಟು? ಒಂದು ಮುಟ್ಟಿಗೆ ಸರಾಸರಿ 30ರಿಂದ 40 ಮಿಲಿಲೀಟರ್. ಸಾರಿನ ಸೌಟಿನಲ್ಲಿ ಹಿಡಿಯುವಷ್ಟು. ಚಿಕ್ಕ ಹುಡುಗಿಯರು ಮೈಯೆಲ್ಲ ಬರಿದಾಗುತ್ತಿದೆಯೆಂದು ಹೆದರುತ್ತಾರಲ್ಲ, ಅವರಿಗೆ ಮೊದಲು ಹೇಳಬೇಕಾದ್ದು ಇದು.

ಮುಟ್ಟು ಮೈಗಷ್ಟೇ ಅಲ್ಲ, ನಮ್ಮವರ ನಂಬಿಕೆಯಲ್ಲಿ ಭೂಮಿಗೂ ಇದೆ. ಆಗುಂಬೆ ಘಾಟಿಯ ತಿರುವು ಇಳಿದರೆ ತುಳುನಾಡು. ಅಲ್ಲಿ ಫೆಬ್ರವರಿಯಲ್ಲಿ, ತುಳುವರ ಪೊನ್ನಿ ತಿಂಗಳ ಕೊನೆಗೆ, ಕೆಡ್ಡಸ ಹಬ್ಬ. ಆ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆ! ನೇಗಿಲು ಹೂಡುವಂತಿಲ್ಲ, ಹಾರೆ ಹಾಕುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ. ಹೆಂಗಸರು ಅಂಗಳದ ನೆಲಕ್ಕೆ ಎಣ್ಣೆ ಬಿಟ್ಟು, ಅರಿಸಿನ ಕುಂಕುಮ ಇಟ್ಟು ಉಪಚರಿಸುತ್ತಾರೆ. ಘಾಟಿ ಹತ್ತಿ ವಾಪಸು ಬನ್ನಿ. ಆಶ್ವಯುಜದ ಹುಣ್ಣಿಮೆಗೆ ಇಲ್ಲಿ ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಗದ್ದೆ ಬಸುರಿ. ಸಾಗರ, ಹೊಸನಗರದ ಕಡೆ ದೀವರ ಮನೆಗಳ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬಯಕೆಯ ಅಡುಗೆ ಹೊತ್ತು ಬೆಳಗಿನ ಜಾವಕ್ಕೇ ಗದ್ದೆಗೆ ಹೋಗಿ ಉಣಿಸುತ್ತಾರೆ. ಘಾಟಿಯ ಕೆಳಗೆ ಮುಟ್ಟಾದ ಭೂಮಿ, ಘಾಟಿಯ ಮೇಲೆ ಬಸುರಿಯಾದ ಭೂಮಿ! ನಡುವೆ ಇರುವುದು ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದಾರಿ.

ಭೂಮಿಗೆ ಸಿಕ್ಕ ಎಣ್ಣೆ, ವಿರಾಮ, ಉಪಚಾರ ಹೆಣ್ಣಿಗೂ ಸಿಗಬೇಕಿತ್ತು. ಸಿಕ್ಕಿದ್ದು ಜಗಲಿಯ ಮೂಲೆ, ಬೇರೆ ತಟ್ಟೆ, ಬೇರೆ ಚಾಪೆ. ಹಾಗೆಂದು ಎಲ್ಲರೂ ಒಪ್ಪಿ ಸುಮ್ಮನಿದ್ದರು ಎಂದುಕೊಳ್ಳಬೇಡಿ. ಅಲ್ಲಮ ಹುಟ್ಟಿದ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಇರುವುದು ಇದೇ ಶಿವಮೊಗ್ಗ ಜಿಲ್ಲೆಯಲ್ಲಿ. ಆ ಶರಣರು 12ನೇ ಶತಮಾನದಲ್ಲೇ ಪಂಚಸೂತಕಗಳನ್ನು ತಳ್ಳಿಹಾಕಿದರು. ಅದರಲ್ಲಿ ರಜಸ್ಸೂತಕ, ಅಂದರೆ ಮುಟ್ಟಿನ ಮೈಲಿಗೆಯೂ ಒಂದು.

ಈಗ ಮಳೆಯ ಮಾತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುತ್ತದೆ, 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಸುರಿದ ದಾಖಲೆ ಇದೆ. ಮೇಗರವಳ್ಳಿ ಆ ಮಳೆಯದೇ ನೆರೆ. ಇಲ್ಲಿ ಮುಟ್ಟಿನ ಬಟ್ಟೆ ಒಣಗುವುದೆಲ್ಲಿ? ಬಚ್ಚಲುಮನೆಯ ಹಂಡೆ ಒಲೆಯ ಮೇಲೆ ಕಟ್ಟಿದ ಗಳುವನ್ನೇ ನೋಡಿ. ಒಲೆಗೆ ಹತ್ತಿರ, ಕಾವು ತಾಗುವ ಜಾಗದಲ್ಲಿ ಪಂಚೆ, ಶಾಲೆಯ ಯೂನಿಫಾರ್ಮ್. ಗೋಡೆ ಕಡೆಯ ಮೂಲೆಯಲ್ಲಿ, ಹಳೇ ಸೀರೆಯ ಮರೆಯಲ್ಲಿ, ನಾಲ್ಕು ಮಡಿಕೆಯ ಹತ್ತಿ ಬಟ್ಟೆ, ಅರ್ಧ ಒಣಗಿ ಅರ್ಧ ತೇವ, ಹೊಗೆ ವಾಸನೆ. ಹಸಿ ಬಟ್ಟೆಯಲ್ಲಿ ಬೂಸಲು, ಬೂಸಲಿನಿಂದ ತುರಿಕೆ, ಸೋಂಕು. ಬಟ್ಟೆಯೇನೂ ಕೆಟ್ಟದ್ದಲ್ಲ, ಒಣಗದ ಬಟ್ಟೆ ಕೆಟ್ಟದ್ದು. ತಣ್ಣೀರಿನಲ್ಲಿ ನೆನೆಸಿ (ಬಿಸಿನೀರಿಗೆ ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ), ಸೋಪು ಹಾಕಿ ಒಗೆದು, ಮಡಿಕೆ ಬಿಡಿಸಿ, ಗಳುವಿನ ಮುಂದಿನ ಸಾಲಿನಲ್ಲೇ ಹರಡಿ. ಕರೆಂಟು ಇದ್ದಾಗ ಬಿಸಿ ಇಸ್ತ್ರಿ ಹೊಡೆದು ಡಬ್ಬಿಗೆ ತುಂಬಿಡಿ. ಹೊಳವಾದ ದಿನ ಎಲ್ಲವನ್ನೂ ಬಿಸಿಲಿಗೆ ಹಾಕಿ, ಯಾರು ನೋಡಿದರೂ ಸರಿ. ಬಿಸಿಲಿಗಿಂತ ಒಳ್ಳೆಯ ಔಷಧಿ ಇಲ್ಲ.

ಪ್ಯಾಡಿನದು ಮಲೆನಾಡಿನಲ್ಲಿ ಬೇರೆಯದೇ ಪಜೀತಿ. ಅದರೊಳಗಿನ ಪುಡಿ ತನ್ನ ತೂಕದ ನೂರಾರು ಪಟ್ಟು ನೀರು ಕುಡಿಯಬಲ್ಲದು. ಕೊಡೆ ಹಿಡಿದರೂ ಒದ್ದೆಯಾಗುವ ಶಾಲೆ ಚೀಲದಲ್ಲಿ ಅದು ಮಳೆನೀರನ್ನೇ ಕುಡಿದು ಊದಿ ಕೂತಿರುತ್ತದೆ. ಆದ್ದರಿಂದ ಬಿಗಿ ಮುಚ್ಚಳದ ತಿಂಡಿ ಡಬ್ಬಿಯೊಂದನ್ನು ಇದಕ್ಕೆಂದೇ ಇಡಿ. ಒಳಗೆ ಎರಡು ಪ್ಯಾಡು, ಒಂದು ಒಳಚಡ್ಡಿ, ಹಳೇ ಪೇಪರು, ಚೂರು ಸೋಪು. ಮೊದಲ ಮುಟ್ಟು ಆಗುವ ಮುಂಚೆಯೇ, ಹತ್ತು ಹನ್ನೊಂದರ ವಯಸ್ಸಿಗೇ ಆ ಡಬ್ಬಿ ಮಗಳ ಚೀಲ ಸೇರಲಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು, ಕಮ್ಮಿ ಹೋಗುತ್ತಿದ್ದರೂ. ಬಳಸಿದ್ದನ್ನು ಬಚ್ಚಲೊಲೆಗೆ ಎಸೆಯುವವರಿದ್ದಾರೆ. ಬೇಡ, ಪ್ಲಾಸ್ಟಿಕ್ ಸುಟ್ಟ ವಿಷದ ಹೊಗೆಯನ್ನು ಮನೆಯವರೇ ಕುಡಿಯಬೇಕು. ಹಳ್ಳಕ್ಕಂತೂ ಬೇಡವೇ ಬೇಡ, ಅದು ತುಂಗೆ ಸೇರುತ್ತದೆ. ಪೇಪರಿನಲ್ಲಿ ಸುತ್ತಿ, ಗುರುತು ಹಾಕಿ, ಪಂಚಾಯಿತಿಯ ಕಸದ ಗಾಡಿಗೆ ಕೊಡುವುದು ಸರಿಯಾದ ದಾರಿ.

ಒಣಗಿಸುವ ಗೋಜೂ ಇಲ್ಲದ, ಎಸೆಯುವ ಗೋಜೂ ಇಲ್ಲದ ಒಂದು ವಸ್ತು ಮಲೆನಾಡಿಗೇ ಹೇಳಿ ಮಾಡಿಸಿದಂತಿದೆಯಲ್ಲ! ಮುಟ್ಟಿನ ಕಪ್ಪು. ಲಿಯೋನಾ ಚಾಮರ್ಸ್ ಎಂಬ ಅಮೆರಿಕದ ನಟಿ 1937ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದಳು, ರಬ್ಬರಿನದು. ಈಗಿನದು ಮೆತ್ತಗಿನ ಸಿಲಿಕೋನ್; ಅಂಗೈಯಲ್ಲಿಟ್ಟು ಹಿಚುಕಿದರೆ ಮಡಚಿಕೊಂಡು, ಬಿಟ್ಟರೆ ಪುಟಕ್ಕನೆ ಅರಳುತ್ತದೆ. ಮುಟ್ಟು ಮುಗಿದ ಮೇಲೆ ಐದು ನಿಮಿಷ ಕುದಿಯುವ ನೀರಲ್ಲಿ ಹಾಕಿ ತೆಗೆದರಾಯಿತು, ವರ್ಷಗಟ್ಟಲೆ ಬಾಳಿಕೆ. ಹನ್ನೆರಡು ಗಂಟೆಗಿಂತ ಹೆಚ್ಚು ಹೊತ್ತು ಒಳಗಿಡಬಾರದು ಎಂಬುದೊಂದನ್ನು ಮರೆಯಬಾರದು. 2019ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು 43 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು: ಸೋರಿಕೆ ಪ್ಯಾಡಿನಷ್ಟೇ ಅಥವಾ ಅದಕ್ಕಿಂತ ಕಡಿಮೆ, ಬಳಸಿದವರಲ್ಲಿ 100ಕ್ಕೆ 70ರಷ್ಟು ಮಂದಿ ಮುಂದುವರಿಸುವವರೇ. ರೂಢಿಯಾಗಲು ಎರಡು ಮೂರು ಮುಟ್ಟು ಬೇಕು, ಗಾಬರಿ ಬೇಡ. ನೀರು ನಿಲ್ಲುವ ಊರಾದ ಕೇರಳದ ಕುಂಬಳಂಗಿ 2022ರ ಜನವರಿಯಲ್ಲಿ ಕಪ್ಪು ಹಂಚಿ ಪ್ಯಾಡ್‌ಮುಕ್ತ ಗ್ರಾಮವೆನಿಸಿಕೊಂಡಿತು. ನಮ್ಮ ಸರ್ಕಾರವೂ ದಕ್ಷಿಣ ಕನ್ನಡ, ಚಾಮರಾಜನಗರದ ವಿದ್ಯಾರ್ಥಿನಿಯರಿಗೆ ಮೈತ್ರಿ ಹೆಸರಿನಲ್ಲಿ ಕಪ್ಪು ಕೊಟ್ಟಿದೆ. ಘಾಟಿ ಹತ್ತಿ ಇಲ್ಲಿಗೂ ಬರಲಿ! ಅಲ್ಲಿಯವರೆಗೆ, 2024ರಲ್ಲಿ ಮತ್ತೆ ಶುರುವಾದ ಶುಚಿ ಯೋಜನೆಯ ಉಚಿತ ಪ್ಯಾಡು ಇದೆ. ಶಾಲೆಯಲ್ಲಿ ಕೇಳಿ ಪಡೆಯಿರಿ, ಅದು ಹುಡುಗಿಯರ ಹಕ್ಕು.

ಹೊಟ್ಟೆನೋವಿನ ಕಥೆ ನನ್ನನ್ನು ಇಡೀ ದಿನ ಕೂರಿಸಿತು. ನೋವು ಬರೀ ಭ್ರಮೆ, ಹಟ, ಸೋಮಾರಿತನ ಎಂದು ಎಷ್ಟು ತಲೆಮಾರು ಬೈಸಿಕೊಂಡಿತೋ! 1957ರಲ್ಲಿ ಇಂಗ್ಲೆಂಡಿನ ಪಿಕಲ್ಸ್ ಎಂಬ ವಿಜ್ಞಾನಿ ಮುಟ್ಟಿನ ಸ್ರಾವದಲ್ಲೇ ಸ್ನಾಯುವನ್ನು ಹಿಂಡುವ ವಸ್ತುವಿದೆ ಎಂದು ತೋರಿಸಿದರು. ಅದುವೇ ಪ್ರೊಸ್ಟಾಗ್ಲಾಂಡಿನ್. ಗರ್ಭಕೋಶ ನಿಜಕ್ಕೂ ಹಿಂಡಿಕೊಳ್ಳುತ್ತದೆ, ನೋವು ನಿಜ. ವೈದ್ಯರು ಕೊಡುವ ಐಬುಪ್ರೊಫೇನ್‌ನಂಥ ಮಾತ್ರೆ ಈ ವಸ್ತು ತಯಾರಾಗುವುದನ್ನೇ ತಡೆಯುತ್ತದೆ; ಆದ್ದರಿಂದ ನೋವು ಮಿತಿಮೀರುವವರೆಗೆ ಹಲ್ಲು ಕಚ್ಚಿ ಕಾಯದೆ, ಶುರುವಿನಲ್ಲೇ, ಊಟದ ಮೇಲೆ ತೆಗೆದುಕೊಂಡರೆ ಫಲ. ಇನ್ನೊಂದು ಸಂಗತಿ ಕೇಳಿ. 2001ರ ಅಮೆರಿಕದ ಪ್ರಯೋಗವೊಂದರಲ್ಲಿ ಕೆಳಹೊಟ್ಟೆಗೆ ಸುಮಾರು 39 ಡಿಗ್ರಿಯ ಹದವಾದ ಕಾವು ಕೊಟ್ಟಾಗ ಐಬುಪ್ರೊಫೇನ್‌ನಷ್ಟೇ ನೋವು ಇಳಿಯಿತು! ಬಟ್ಟೆಯಲ್ಲಿ ಬಿಸಿ ಉಪ್ಪು ಕಟ್ಟಿ ಶಾಖ ಕೊಡುತ್ತಿದ್ದ ಅಜ್ಜಿಯರು ಎಷ್ಟು ಸರಿಯಾಗಿದ್ದರು.

ಅವರ ಅಡುಗೆಯೂ ಅಷ್ಟೇ ಸರಿ. ಮೈನೆರೆದ ಹುಡುಗಿಗೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ದಿನಾ ಹಿತ್ತಲ ಹರಿವೆ, ನುಗ್ಗೆಸೊಪ್ಪು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ 47.8% ಮಂದಿಗೆ ರಕ್ತಹೀನತೆ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕು: ನಿಂಬೆ, ನೆಲ್ಲಿಕಾಯಿ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಅದು ಹತ್ತದೇ ಹೋಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ, ಆ ಹೊತ್ತಿಗೆ ಕೊತ್ತಂಬರಿ ಜೀರಿಗೆ ಕಷಾಯ ಇದ್ದರೆ ಇನ್ನೂ ಒಳ್ಳೆಯದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಹುಡುಗಿಯರು ಕಿಟಕಿಯಾಚೆ ಎಸೆಯದೆ ನುಂಗಲಿ.

ಅಡಿಕೆ ಸುಲಿಯುವ ಕಾಲದಲ್ಲಿ ಚಪ್ಪರದಡಿ ಮೆಟ್ಟುಗತ್ತಿಯ ಮುಂದೆ ಕೂತವರನ್ನು ನೋಡಿ. ಒಂದು ಕಾಲು ಮಣೆಯ ಮೇಲೆ, ಬೆರಳಿಗೆ ಚೊಗರು ಕಪ್ಪಗೆ ಹತ್ತಿದೆ, ಎಷ್ಟು ಸುಲಿದರೆ ಅಷ್ಟು ಕಾಸು; ಏಳುವುದೆಂದರೆ ಕೂಲಿಗೆ ಖೋತಾ. ಬೆಳಗಿನಿಂದ ಒಂದೇ ಬಟ್ಟೆಯಲ್ಲಿ ಕೂತವರಿದ್ದಾರೆ. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನಾನು ಕುಣಿದಾಡಿದೆ. ಚಪ್ಪರದಡಿಯ ಈ ಹೆಂಗಸರಿಗೆ ರಜೆ ಕೊಡುವ ಕಚೇರಿ ಇಲ್ಲ. ಆದರೆ ತೋಟದ ಯಜಮಾನರು ಚಪ್ಪರದ ಪಕ್ಕ ಬಾಗಿಲು ಹಾಕಿಕೊಳ್ಳುವ ಒಂದು ಬಚ್ಚಲು, ಬಕೆಟ್ ನೀರು, ಸೋಪು, ಮುಚ್ಚಳದ ಬುಟ್ಟಿ ಇಡಬಹುದು. ಚಪ್ಪರ ಹಾಕುವ ದಿನವೇ ಆಗುವ ಕೆಲಸ ಅದು.

ಇನ್ನು ಗೋಡೆಯ ಕ್ಯಾಲೆಂಡರ್. ರಕ್ತ ಕಂಡ ಮೊದಲ ದಿನಕ್ಕೆ ಒಂದು ಗುರುತು, ಅಲ್ಲಿಂದ ಮುಂದಿನ ಗುರುತಿಗೆ ಎಣಿಕೆ. ಎಲ್ಲರಿಗೂ 28 ದಿನ ಎಂಬುದು ಸುಳ್ಳು! 2019ರಲ್ಲಿ 6 ಲಕ್ಷಕ್ಕೂ ಮಿಕ್ಕ ಋತುಚಕ್ರಗಳನ್ನು ಲೆಕ್ಕ ಹಾಕಿದಾಗ ಸರಿಯಾಗಿ 28 ಬಂದದ್ದು 100ಕ್ಕೆ 13ರಷ್ಟು ಮಾತ್ರ, ಸರಾಸರಿ 29.3. ದೊಡ್ಡವರಿಗೆ 21ರಿಂದ 35, ಹೊಸದಾಗಿ ಶುರುವಾದ ಹುಡುಗಿಯರಿಗೆ 45ರವರೆಗೂ ಸರಿಯೇ. ಏಳು ದಿನ ಮೀರಿ ಹೋಗುತ್ತಿದ್ದರೆ, ಗಂಟೆಗೊಂದು ಪ್ಯಾಡು ತೊಯ್ಯುತ್ತಿದ್ದರೆ, ದೊಡ್ಡ ಗಡ್ಡೆ ಬೀಳುತ್ತಿದ್ದರೆ, ತಲೆಸುತ್ತಿ ಬಿದ್ದರೆ, ತಿಂಗಳು ತಿಂಗಳೂ ಶಾಲೆ ಬಿಡಿಸುವಷ್ಟು ನೋವಿದ್ದರೆ, ಹದಿನೈದು ತುಂಬಿದರೂ ಮುಟ್ಟೇ ಆಗದಿದ್ದರೆ, ಕ್ಯಾಲೆಂಡರಿನ ಆ ಹಾಳೆಗಳನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಮೇಗರವಳ್ಳಿಯಿಂದ ತೀರ್ಥಹಳ್ಳಿಯ ಜೆ.ಸಿ. ಆಸ್ಪತ್ರೆಗೆ ಬಸ್ಸಿದೆ. ವೈದ್ಯರು ಮೊದಲು ಕೇಳುವುದೇ ಕಳೆದ ಸಲ ಯಾವತ್ತು ಆಯಿತು ಎಂದು, ಮತ್ತು ಆ ತಾರೀಖು ನಿಮ್ಮ ಕೈಯಲ್ಲಿರುತ್ತದೆ.