ಲಬೂಬುವಿನೊಳಗೆ ಭೂತವಿಲ್ಲ, ಆದರೂ ಹುಷಾರು

"ಆ ಹಲ್ಲು ಕಿರಿಯೋ ಗೊಂಬೇನ ಮೊದ್ಲು ಆಚೆ ಹಾಕಮ್ಮ, ಅದರಲ್ಲಿ ದೆವ್ವ ಇದೆಯಂತೆ" ಎಂದು ನಮ್ಮ ಸೋದರತ್ತೆ ಅಕ್ಕನಿಗೆ ಹೇಳಿದ್ದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶ ಓದಿ. ಆ ಲಬೂಬು ಗೊಂಬೆ ಅಕ್ಕನ ದೊಡ್ಡ ಮಗಳ ಕಾಲೇಜು ಬ್ಯಾಗಿನಲ್ಲಿ ನೇತಾಡುತ್ತಿತ್ತು. ನಾವ್ಯಾರೂ ಅತ್ತೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ವಾರ ಕಳೆದಿರಲಿಲ್ಲ, ಮನೆಯ ಎರಡು ವರ್ಷದ ಪುಟ್ಟ ಅದರ ಒಂದು ಕಣ್ಣನ್ನು ಕಿತ್ತು ಬಾಯಿಗೆ ಹಾಕಿಕೊಂಡಿದ್ದ. ಅಕ್ಕ ಪಕ್ಕದಲ್ಲೇ ಇದ್ದಳು, ತಕ್ಷಣ ಉಗುಳಿಸಿದಳು. ಫುಟ್‌ಪಾತ್‌ನಲ್ಲಿ ಮುನ್ನೂರು ರೂಪಾಯಿಗೆ ತಂದಿದ್ದ ಗೊಂಬೆ ಅದು, ನಕಲಿ.

ಅವತ್ತಿನಿಂದ ಈ ಗೊಂಬೆಯ ಬಗ್ಗೆ ಜನ ಆಡುವ ಮಾತುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸುತ್ತಾ ಬಂದಿದ್ದೇನೆ. ಭಯಪಡಬೇಕಾದಲ್ಲಿ ನಾವು ಭಯಪಡುತ್ತಿಲ್ಲ ಎಂಬುದೇ ನನ್ನ ಸಂಕಟ.

"ಅದು ಪಜುಜು ಎಂಬ ಪಿಶಾಚಿ"

ಅಲ್ಲ. ಲಬೂಬು ಎಂಬುದು ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ ನೆದರ್‌ಲ್ಯಾಂಡ್ಸ್‌ನಲ್ಲಿ ಬೆಳೆದ ಕಲಾವಿದ ಕಾಸಿಂಗ್ ಲುಂಗ್ 2015ರಲ್ಲಿ ತನ್ನ ಸಚಿತ್ರ ಕಥೆಪುಸ್ತಕಗಳಿಗಾಗಿ ಸೃಷ್ಟಿಸಿದ ಪಾತ್ರ. ಉತ್ತರ ಯುರೋಪಿನ ಜಾನಪದದ ಕಾಡುಜೀವಿಗಳು ಅವನಿಗೆ ಪ್ರೇರಣೆ. 2019ರಿಂದ ಚೀನಾದ ಪಾಪ್ ಮಾರ್ಟ್ ಕಂಪನಿ ಈ ಗೊಂಬೆಗಳನ್ನು ಮಾರುತ್ತಿದೆ. ಪಜುಜು ಪ್ರಾಚೀನ ಮೆಸೊಪೊಟೇಮಿಯಾದ ಗಾಳಿ ದೆವ್ವ. ಎರಡಕ್ಕೂ ಸಂಬಂಧವಿಲ್ಲ. ಇನ್ನೊಂದು ವಿಷಯವನ್ನೂ ಅತ್ತೆಗೆ ಹೇಳಿದೆ: ಆ ಕಾಲದ ತಾಯಂದಿರು ಬಾಣಂತಿಯನ್ನೂ ಹಸುಗೂಸನ್ನೂ ಕಾಡುವ ಲಮಷ್ಟು ಎಂಬ ಹೆಣ್ಣುದೆವ್ವವನ್ನು ದೂರವಿಡಲೆಂದು ಪಜುಜುವಿನ ತಲೆಯ ಆಕೃತಿಯನ್ನೇ ತಾಯತವಾಗಿ ಕಟ್ಟಿಕೊಳ್ಳುತ್ತಿದ್ದರು. ಅತ್ತೆ ಸುಮ್ಮನೆ ಕೇಳಿಸಿಕೊಂಡರು. ಅವರ ಎಚ್ಚರಿಕೆಯ ಕಾರಣ ತಪ್ಪಿತ್ತು, ಎಚ್ಚರಿಕೆ ತಪ್ಪಿರಲಿಲ್ಲ.

"ಫಸ್ಟ್ ಕಾಪಿ ಅಂದ್ರೆ ಒರಿಜಿನಲ್ಲೇ, ಹೆಸರಿಗಷ್ಟೇ ದುಡ್ಡು"

ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವ ಮಾತು ಇದು. 2025ರ ಜೂನ್‌ನಲ್ಲಿ ಬೀಜಿಂಗ್‌ನ ಹರಾಜೊಂದರಲ್ಲಿ ಆಳೆತ್ತರದ ಲಬೂಬು 10.8 ಲಕ್ಷ ಯುವಾನ್‌ಗೆ, ಅಂದರೆ ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಹೋಯಿತು. ಇಂಥ ಹುಚ್ಚು ಎದ್ದಾಗ ನಕಲು ಮಾಡುವವರು ಏಳದೆ ಇರುತ್ತಾರೆಯೇ? ಆ ನಕಲಿಗೆ 'ಲಫೂಫು' ಎಂಬ ಅಡ್ಡಹೆಸರೇ ಬಂತು.

ನಕಲಿ ತಯಾರಕ ಮುಖ, ಬಣ್ಣ, ಪೆಟ್ಟಿಗೆಯನ್ನು ಚೆನ್ನಾಗಿಯೇ ಮಾಡುತ್ತಾನೆ, ಅವು ಮಾರಾಟವಾಗಬೇಕಲ್ಲ. ಅವನು ಉಳಿತಾಯ ಮಾಡುವುದು ಕಣ್ಣಿಗೆ ಕಾಣದ ಕಡೆ: ಕಣ್ಣನ್ನು ಕೂರಿಸಿದ ಅಂಟು, ಕೈಕಾಲಿನ ಕೀಲು, ಹೊಲಿಗೆಯ ದಾರ, ಒಳಗೆ ತುಂಬಿದ ಹತ್ತಿ, ಪ್ಲಾಸ್ಟಿಕ್‌ಗೆ ಬೆರೆಸಿದ ರಾಸಾಯನಿಕ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ನಕಲಿ ಲಬೂಬು ಬಗ್ಗೆ ಎಚ್ಚರಿಕೆ ಹೊರಡಿಸಿತು. ಈ ಗೊಂಬೆಗಳು ಸುಲಭವಾಗಿ ಬಿಡಿಬಿಡಿಯಾಗುತ್ತವೆ, ಅವುಗಳ ಚೂರುಗಳು ಮಗುವಿನ ಉಸಿರುಗಟ್ಟಿಸಿ ಜೀವ ತೆಗೆಯಬಲ್ಲವು ಎಂದಿತು.

ಎಷ್ಟು ಚಿಕ್ಕ ಚೂರು ಅಪಾಯಕಾರಿ ಎಂಬುದಕ್ಕೆ ಅಳತೆ ಇದೆ. ಆಟಿಕೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ 31.7 ಮಿ.ಮೀ. ವ್ಯಾಸದ ಒಂದು ಪುಟ್ಟ ಕೊಳವೆ ಇಟ್ಟಿರುತ್ತಾರೆ. ಹತ್ತು ರೂಪಾಯಿ ನಾಣ್ಯಕ್ಕಿಂತ ಅದು ಸುಮಾರು 5 ಮಿ.ಮೀ.ಯಷ್ಟೇ ಹೆಚ್ಚು ಅಗಲ. ಅದರೊಳಗೆ ಪೂರ್ತಿ ಇಳಿಯುವ ವಸ್ತುವನ್ನು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕೊಡುವಂತಿಲ್ಲ. ನಮ್ಮ ಪುಟ್ಟನ ಬಾಯಿಂದ ಬಂದ ಕಣ್ಣು ಅದರೊಳಗೆ ಸಲೀಸಾಗಿ ಇಳಿಯುತ್ತಿತ್ತು.

"ಕೆಟ್ಟ ವಾಸನೆ ಇಲ್ಲ, ಹಾಗಾದರೆ ಪರವಾಗಿಲ್ಲ"

ಗೊಂಬೆಗಳಿಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ ಹುಟ್ಟಿನಿಂದ ಗಡುಸು, ಮನೆಯ ನೀರಿನ ಪೈಪು ನೋಡಿದರೆ ಗೊತ್ತಾಗುತ್ತದೆ. ಅದನ್ನು ಮೆದುವಾಗಿಸಲು ಥ್ಯಾಲೇಟ್ ಎಂಬ ಎಣ್ಣೆಯಂಥ ದ್ರವಗಳನ್ನು ಬೆರೆಸುವುದುಂಟು. ಇವು ಪ್ಲಾಸ್ಟಿಕ್‌ಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಮಗು ಚೀಪಿದಾಗ ಜೊಲ್ಲಿನೊಂದಿಗೆ ಹೊರಬರುತ್ತವೆ. ಕೆಲವು ಥ್ಯಾಲೇಟ್‌ಗಳು ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡಬರುತ್ತವೆ ಎಂಬ ಕಾರಣಕ್ಕೇ ಆಟಿಕೆಯಲ್ಲಿ ಅವುಗಳಿಗೆ ಶೇ. 0.1ರ ಮಿತಿ ಇದೆ. ಅಗ್ಗದ ಬಣ್ಣದಲ್ಲಿ ಇರಬಹುದಾದ ಸೀಸಕ್ಕೂ ವಾಸನೆಯಿಲ್ಲ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಸುರಕ್ಷಿತ ಎನ್ನುವಂಥ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳೆಯುತ್ತಿರುವ ಮಿದುಳಿಗೆ ಅದು ಮಾಡುವ ಹಾನಿಯನ್ನು ಸರಿಪಡಿಸಲಾಗದು. ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟರೆ ಧೂಳು ಹೋದೀತು, ಪ್ಲಾಸ್ಟಿಕ್‌ನೊಳಗೆ ಬೆರೆತದ್ದು ಹೋಗದು.

"ಒಂಬತ್ತು ಹಲ್ಲು ಎಣಿಸಿದೆ, ಒರಿಜಿನಲ್ಲೇ"

ಅಸಲಿ ಲಬೂಬುವಿಗೆ ಒಂಬತ್ತೇ ಹಲ್ಲು, ನಿಜ. ಪೆಟ್ಟಿಗೆಯ ಮೇಲೆ ಹೊಳೆಯುವ ಹಾಲೊಗ್ರಾಮ್ ಮುದ್ರೆ, ಕ್ಯೂಆರ್ ಕೋಡ್, ಹೊಸ ಆವೃತ್ತಿಗಳಲ್ಲಿ ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುವ, ಗೊಂಬೆಯ ಪಾದದ ಮೇಲಿನ ಗುರುತು ಇರುತ್ತವೆ. ಹತ್ತು ಹಲ್ಲಿದ್ದರೆ ಅದು ನಕಲಿ. ಆದರೆ ಒಂಬತ್ತಿದ್ದರೆ ಅಸಲಿ ಎಂದಲ್ಲ, ನಕಲು ಮಾಡುವವನಿಗೂ ಎಣಿಕೆ ಬರುತ್ತದೆ.

ಇಷ್ಟೆಲ್ಲ ನೋಡಿ ಅಸಲಿಯನ್ನೇ ತಂದಿರೆನ್ನಿ. ಅದರ ಪೆಟ್ಟಿಗೆಯ ಮೇಲೆ 15 ವರ್ಷ ಮೇಲ್ಪಟ್ಟವರಿಗೆ ಎಂದೇ ಬರೆದಿರುತ್ತದೆ. ಅದು ದೊಡ್ಡವರ ಸಂಗ್ರಹದ ವಸ್ತು, ತೊಟ್ಟಿಲಿಗೆ ಕಟ್ಟುವಂಥದ್ದಲ್ಲ.

"ಐಎಸ್‌ಐ ಗುರುತು ಇಲ್ಲದ್ದೆಲ್ಲ ಕಳಪೆ, ಇರುವುದೆಲ್ಲ ಒಳ್ಳೆಯದು"

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ಆಮದಾದ ಆಟಿಕೆಗೂ ಅಷ್ಟೇ. ಈ ಗುರುತಿಲ್ಲದ 18,600 ಆಟಿಕೆಗಳನ್ನು ದೊಡ್ಡ ದೊಡ್ಡ ಮಳಿಗೆಗಳಿಂದ ವಶಪಡಿಸಿಕೊಂಡಿದ್ದಾಗಿ ಭಾರತೀಯ ಮಾನಕ ಬ್ಯೂರೋ (ಬಿಐಎಸ್) 2023ರ ಜನವರಿಯಲ್ಲಿ ಹೇಳಿತು. ಎ.ಸಿ. ಮಳಿಗೆಯಲ್ಲಿ ಕೊಂಡದ್ದು ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆಗೂ ಇಲ್ಲೇ ಉತ್ತರವಿದೆ. ಗುರುತನ್ನೂ ಸುಳ್ಳು ಅಚ್ಚು ಹಾಕಬಹುದು. ಹಾಗಾಗಿ ಅದರ ಕೆಳಗಿನ ಸಿಎಂ/ಎಲ್ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಸಂಖ್ಯೆ ಯಾರದೆಂದು ಅಲ್ಲೇ ತಿಳಿಯುತ್ತದೆ.

ನೋಂದಾಯಿತ ಕುಶಲಕರ್ಮಿಗಳು ಮಾಡಿದ ಆಟಿಕೆಗೂ ಭೌಗೋಳಿಕ ಸೂಚಿ ಪಡೆದ ಆಟಿಕೆಗೂ ಈ ಐಎಸ್‌ಐ ನಿಯಮದಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಗೆ ಐಎಸ್‌ಐ ಇಲ್ಲವೆಂದು ಅನುಮಾನಿಸಬೇಕಿಲ್ಲ. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಮಾಡಿದ ಗೊಂಬೆ ಅದು. ಹೊರಗಿನಿಂದ ಬರುವ ಅಗ್ಗದ ನಕಲಿನ ಪೆಟ್ಟು ಆ ಊರಿನವರಿಗೂ ಬಿದ್ದಿದೆ.

"ನಮಗೆ ಬೇಡ, ಯಾರಿಗಾದರೂ ಕೊಟ್ಟುಬಿಡೋಣ"

ಕಣ್ಣು ಕಿತ್ತುಬಂದ ಮೇಲೆ ಅಕ್ಕನ ಮಗಳು ಅಂಟು ಹಾಕಿ ಅದನ್ನು ಸರಿಮಾಡಿದಳು. ದಿನಾ ಬೆಳಗ್ಗೆ ಹೂವು ಕೊಡಲು ಬರುವಾಕೆಯ ಮಗುವಿಗೆ ಕೊಡೋಣ ಎಂದಳು, ಒಳ್ಳೆಯ ಮನಸ್ಸಿನಿಂದಲೇ. ಆ ಮಗುವಿಗೆ ಒಂದೂವರೆ ವರ್ಷ. "ನಮ್ಮ ಪುಟ್ಟನಿಗೆ ಆಗದ್ದು ಆ ಮಗುವಿಗೆ ಆಗತ್ತೇನೆ?" ಎಂದರು ಅತ್ತೆ. ಹುಡುಗಿ ಸ್ವಲ್ಪ ಹೊತ್ತು ಗೊಂಬೆಯನ್ನು ನೋಡುತ್ತಾ ಕುಳಿತಳು. ಆಮೇಲೆ ತಾನೇ ಕತ್ತರಿ ತಂದು ಅದನ್ನು ಕತ್ತರಿಸಿ, ಕಣ್ಣುಗಳನ್ನು ಬೇರೆ ಕವರಿಗೆ ಹಾಕಿ ಕಟ್ಟಿ, ಒಣ ಕಸದ ಬುಟ್ಟಿಗೆ ಹಾಕಿದಳು.