ಮನೆ ಮಾರಾಟವಾದಾಗ ಬಾಡಿಗೆದಾರರ ಹಕ್ಕುಗಳು

(ಸಂಘದ ಸಭೆಯಲ್ಲಿ ಅತಿಥಿ ಉಪನ್ಯಾಸಕರು ಮಾಡಿದ ಭಾಷಣದ ಬರಹರೂಪ)



ಪಂಗಾನಿ, ಎನ್‌ಗಾರಾ, ಪಾರ್ಕ್‌ಲ್ಯಾಂಡ್ಸ್ ಬಡಾವಣೆಗಳಲ್ಲಿ ಬಾಡಿಗೆಗಿರುವ ನಮ್ಮವರನ್ನು ಇಂದು ಕಾಡುವ ಸುದ್ದಿ ಒಂದೇ: "ಮನೆ ಮಾರಾಟವಾಗಿದೆ." 2012ರಲ್ಲಿ ಥೀಕಾ ಹೆದ್ದಾರಿ ಪೂರ್ಣಗೊಂಡ ಮೇಲೆ ಪಂಗಾನಿಯ ಹಳೆಯ ಕಲ್ಲಿನ ಮನೆಗಳ ಮೇಲೆ ಕಟ್ಟಡ ಕಟ್ಟುವವರ ಕಣ್ಣು ಬಿದ್ದಿದೆ. ಒಂದು ಬೆಳಿಗ್ಗೆ ಕೇರ್‌ಟೇಕರ್ ಬಂದು ಹೊಸ ಮಾಲೀಕರ ಹೆಸರು ಹೇಳಿ, ತಿಂಗಳ ಕೊನೆಗೆ ಖಾಲಿ ಮಾಡಬೇಕೆನ್ನುತ್ತಾನೆ. ಮಕ್ಕಳ ಶಾಲೆಯ ಅವಧಿ ಅರ್ಧದಲ್ಲಿರುತ್ತದೆ. ಹೆದರಿದ ಕುಟುಂಬ ಸಾಮಾನು ಕಟ್ಟಲು ಆರಂಭಿಸುತ್ತದೆ. ಹಾಗೆ ಮಾಡುವ ಮೊದಲು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ನಿವೇದಿಸುತ್ತೇನೆ.

ಮೂಲ ತತ್ತ್ವ ಸರಳವಾದುದು. ಮಾರುವವನು ತನ್ನಲ್ಲಿರುವ ಹಕ್ಕನ್ನು ಮಾತ್ರ ಮಾರಬಲ್ಲನು. ಬಾಡಿಗೆಗೆ ಕೊಟ್ಟ ಮನೆಯ ಸ್ವಾಧೀನವನ್ನು ಕರಾರಿನ ಅವಧಿಗೆ ಆತ ಆಗಲೇ ನಿಮಗೆ ಒಪ್ಪಿಸಿದ್ದಾನೆ. ಆದುದರಿಂದ ಕೊಂಡವನಿಗೆ ದೊರೆಯುವುದು ನಿಮ್ಮ ಬಾಡಿಗೆಯನ್ನು ಹೊತ್ತ ಮನೆ. ಇದು ನಮಗೆ ಹೊಸ ವಿಚಾರವಲ್ಲ. ಕರ್ನಾಟಕದಲ್ಲಿ ಇಂದಿಗೂ ಜಾರಿಯಲ್ಲಿರುವ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಬ್ರಿಟಿಷರ ಕಾಲದಲ್ಲಿ ಹಡಗು ಹತ್ತಿ ಕೆನ್ಯಕ್ಕೆ ಬಂದು, 2012ರವರೆಗೆ ಇಲ್ಲಿ ಊರ್ಜಿತದಲ್ಲಿತ್ತು. ಅದರ 109ನೆಯ ವಿಧಿಯಂತೆ ಕೊಂಡವನು ಹಳೆಯ ಮಾಲೀಕನ ಹಕ್ಕುಗಳನ್ನು ಪಡೆಯುತ್ತಾನೆ. ಬಾಡಿಗೆದಾರ ಬಯಸಿದರೆ ಹೊಣೆಗಳನ್ನೂ ಹೊರಬೇಕಾಗುತ್ತದೆ. ಮಾರಾಟದ ಸುಳಿವಿಲ್ಲದೆ ಹಳೆಯ ಮಾಲೀಕನಿಗೇ ಬಾಡಿಗೆ ಕೊಟ್ಟವನು ಅದನ್ನು ಮತ್ತೊಮ್ಮೆ ತೆರಬೇಕಾಗಿಲ್ಲವೆಂದೂ ಆ ವಿಧಿ ಹೇಳುತ್ತದೆ. ಊರಿನಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವವರು ಅದನ್ನು ಮಾರುವಾಗ ಇದನ್ನು ನೆನಪಿಡಬೇಕು. ಅಲ್ಲಿ ನಾವು ಮಾಲೀಕರ ಕಡೆಯವರು.

ಈಗ ಕೆನ್ಯದಲ್ಲಿ ನಡೆಯುವುದು 2012ರ ಭೂ ಕಾಯಿದೆ ಮತ್ತು ಭೂ ನೋಂದಣಿ ಕಾಯಿದೆ. ಎರಡು ವರ್ಷ ಮೀರದ ಗುತ್ತಿಗೆ, ತಿಂಗಳಿನಿಂದ ತಿಂಗಳಿಗೆ ಸಾಗುವ ಬಾಡಿಗೆ, ಇವು ನೋಂದಣಿ ಪುಸ್ತಕದಲ್ಲಿ ಕಾಣದಿದ್ದರೂ ಕೊಂಡವನನ್ನು ಬಂಧಿಸುತ್ತವೆ. ಅದಕ್ಕಿಂತ ದೀರ್ಘ ಅವಧಿಯ ಗುತ್ತಿಗೆಗೆ ನೋಂದಣಿಯೇ ರಕ್ಷಣೆ. ಐದು ವರ್ಷದ ಕರಾರನ್ನು ಬರೆಸಿ, ಖರ್ಚು ಉಳಿಸಲೆಂದು ಅದನ್ನು ಪೆಟ್ಟಿಗೆಯಲ್ಲಿಡುವವರು ನಮ್ಮಲ್ಲಿ ಬಹಳ, ಅದು ಉಳಿತಾಯವಲ್ಲ. ಅವಧಿ ಮುಗಿದ ಮೇಲೆ ನವೀಕರಿಸಿಕೊಳ್ಳುವ ಹಕ್ಕನ್ನು ಬರೆದಿದ್ದರೆ, ಎರಡು ವರ್ಷದ ಪತ್ರವೂ ಅಲ್ಪಾವಧಿಯ ಗುತ್ತಿಗೆಯೆಂದು ಎಣಿಕೆಯಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಹಾಗಾದರೆ ಹೊಸ ಮಾಲೀಕ ಎಬ್ಬಿಸಲಾರನೆ? ಎಬ್ಬಿಸಬಲ್ಲನು, ಆದರೆ ಹಳೆಯವನು ಎಬ್ಬಿಸಬಹುದಾಗಿದ್ದ ರೀತಿಯಲ್ಲಿ ಮಾತ್ರ. ಕರಾರಿನಲ್ಲಿ ಹದಿನಾಲ್ಕು ತಿಂಗಳು ಉಳಿದಿದ್ದರೆ, ಮಧ್ಯದಲ್ಲಿ ಮುಗಿಸುವ ಷರತ್ತು ಇಲ್ಲದಿದ್ದಲ್ಲಿ, ಅವು ನಿಮ್ಮವು. ತಿಂಗಳ ಬಾಡಿಗೆಯಾದರೆ ಕನಿಷ್ಠ ಒಂದು ತಿಂಗಳ ನೋಟಿಸು ಬೇಕು, ಅದು ಬಾಡಿಗೆ ಸಲ್ಲುವ ದಿನಕ್ಕೆ ಮುಗಿಯಬೇಕು. ಕೇರ್‌ಟೇಕರನ ಬಾಯಿಮಾತನ್ನೇ ನೋಟಿಸೆಂದು ಒಪ್ಪಿಕೊಳ್ಳಬೇಡಿ. ಆದರೂ ಒಂದು ತಿಂಗಳ ರಕ್ಷಣೆ ತೀರ ತೆಳುವಾದುದೆಂದು ನನ್ನ ಅಭಿಪ್ರಾಯ. 1959ರ ಬಾಡಿಗೆ ನಿಯಂತ್ರಣ ಕಾಯಿದೆ ಇನ್ನೂ ಇದೆಯಾದರೂ, ಅದು ಅನ್ವಯವಾಗುವುದು ತಿಂಗಳಿಗೆ 2,500 ಶಿಲ್ಲಿಂಗ್ ಮೀರದ ನಿಗದಿತ ಬಾಡಿಗೆಯ ಮನೆಗಳಿಗೆ. ಆ ಬೆಲೆಗೆ ಇಂದು ಪಂಗಾನಿಯಲ್ಲಿ ಸಂಸಾರಕ್ಕೆ ಮನೆಯೆಲ್ಲಿದೆ?

ಅಂಗಡಿ, ಹೋಟೆಲು ನಡೆಸುವವರ ಸ್ಥಿತಿ ಇದಕ್ಕಿಂತ ಬಹಳ ಮೇಲು. 1965ರ ಅಂಗಡಿ-ಹೋಟೆಲುಗಳ ಬಾಡಿಗೆ ಕಾಯಿದೆ, ವಕೀಲರ ಮಾತಿನಲ್ಲಿ ಕ್ಯಾಪ್ 301, ಬರಹವೇ ಇಲ್ಲದ ಬಾಡಿಗೆಯನ್ನೂ ಐದು ವರ್ಷ ಮೀರದ ಲಿಖಿತ ಬಾಡಿಗೆಯನ್ನೂ ರಕ್ಷಿಸುತ್ತದೆ. ಅಲ್ಲಿ ಮಾಲೀಕನೆಂದರೆ ಆಯಾ ಕಾಲಕ್ಕೆ ಬಾಡಿಗೆ ಪಡೆಯಲು ಹಕ್ಕುಳ್ಳವನು. ಹೆಸರು ಬದಲಾದರೂ ಕಟ್ಟುಪಾಡು ಬದಲಾಗದು. ತೆರವು ಮಾಡಿಸುವುದಿರಲಿ, ಬಾಡಿಗೆ ಏರಿಸಬೇಕಾದರೂ ಆತ ನಿಗದಿತ ನಮೂನೆಯಲ್ಲಿ ಕನಿಷ್ಠ ಎರಡು ತಿಂಗಳ ನೋಟಿಸನ್ನು ಕಾರಣಸಹಿತ ಕೊಡಬೇಕು. ಒಪ್ಪಿಗೆಯಿಲ್ಲವೆಂದು ನೀವು ಒಂದು ತಿಂಗಳೊಳಗೆ ಬರೆದು ತಿಳಿಸಿ, ನೋಟಿಸು ಜಾರಿಯಾಗುವ ದಿನಕ್ಕೆ ಮೊದಲೇ ವ್ಯಾಪಾರ ಸ್ಥಳಗಳ ಬಾಡಿಗೆ ನ್ಯಾಯಮಂಡಳಿಗೆ ಅರ್ಜಿ ಹಾಕಿದರೆ, ಮಂಡಳಿ ತೀರ್ಮಾನಿಸುವವರೆಗೆ ಆ ನೋಟಿಸು ನಡೆಯದು. ಸುಮ್ಮನಿದ್ದರೆ ಅದು ತಾನಾಗಿ ಊರ್ಜಿತವಾಗುತ್ತದೆ. ಹಕ್ಕಿದ್ದೂ ಅಂಗಡಿ ಕಳೆದುಕೊಳ್ಳುವುದು ಹೆಚ್ಚಾಗಿ ಈ ಮೌನದಿಂದಲೇ.

ಸರಕಾರ ಅಥವಾ ನಗರಾಡಳಿತ ಪಕ್ಷಗಾರನಾಗಿರುವ ಬಾಡಿಗೆಗೆ ಈ ಕಾಯಿದೆ ಸಲ್ಲದು. ಪಂಗಾನಿಯಲ್ಲೇ ಕೌಂಟಿಗೆ ಸೇರಿದ ಹಳೆಯ ವಸತಿಗಳನ್ನು ಹೊಸ ಗೃಹಯೋಜನೆಗಾಗಿ ತೆರವುಗೊಳಿಸಿದಾಗ, ಅಲ್ಲಿದ್ದ 48 ಬಾಡಿಗೆದಾರರು ಪರಿಹಾರಕ್ಕೂ ಮರುವಸತಿಯ ಭರವಸೆಗೂ ಮಾತುಕತೆಯನ್ನೇ ನಂಬಬೇಕಾಯಿತು. ಇನ್ನೂ ಹಿಂದೆ, 1930ರ ದಶಕದ ಕೊನೆಯಲ್ಲಿ, ವಸಾಹತು ಆಡಳಿತ ಇಲ್ಲಿನ ಆಫ್ರಿಕನ್ ಹಳ್ಳಿಯನ್ನೇ ಕೆಡವಿತು. ಏಷ್ಯನ್ನರ ಬಡಾವಣೆಯಾಗಿ ಪಂಗಾನಿ ಬೆಳೆದುದು ಅದರ ನಂತರ. ನಾವು ಬಾಡಿಗೆಗಿರುವ ನೆಲಕ್ಕೆ ಈ ಚರಿತ್ರೆಯೂ ಇದೆ.

ಇನ್ನು ಎಲ್ಲರೂ ಮರೆಯುವ ಮಾತು: ಮುಂಗಡ ಠೇವಣಿ. ಬಾಡಿಗೆಯ ಹಕ್ಕು ಮನೆಯನ್ನು ಹಿಂಬಾಲಿಸುತ್ತದೆ. ಠೇವಣಿಯ ಹಣ ಹಾಗೆ ಹಿಂಬಾಲಿಸುತ್ತದೆಂದು ನಂಬಲಾಗದು. 1980ರ ದಶಕದಲ್ಲಿ ಹಾಂಗ್‌ಕಾಂಗಿನಿಂದ ಬಂದ ಮೊಕದ್ದಮೆಯೊಂದರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಠೇವಣಿ ಮರಳಿಸುವ ಹೊಣೆ ಅದನ್ನು ಪಡೆದವನ ವೈಯಕ್ತಿಕ ಹೊಣೆಯೇ ಹೊರತು, ಮಾಲೀಕನ ಸ್ಥಾನಕ್ಕೆ ಬಂದವನದಲ್ಲ ಎಂದು ತೀರ್ಪಿತ್ತಿತು. ಆ ತೀರ್ಪು ಇಲ್ಲಿನ ನ್ಯಾಯಾಲಯಗಳನ್ನು ಕಟ್ಟಿಹಾಕದಿದ್ದರೂ, ಹೊಸ ಮಾಲೀಕನ ವಕೀಲ ಅದನ್ನು ಎತ್ತಿ ತೋರಿಸಬಲ್ಲ. ಊರಿನಲ್ಲಿ ಭೋಗ್ಯಕ್ಕೆ ಕೊಟ್ಟ ಮನೆ ಮಾರುವಾಗ ತಿಳಿದವರು ಭೋಗ್ಯದ ಮೊತ್ತವನ್ನು ಕ್ರಯದಿಂದ ಕಳೆದು, ಅದನ್ನು ತೀರಿಸುವ ಹೊಣೆಯನ್ನು ಕೊಂಡವನ ಮೇಲೆ ಕ್ರಯಪತ್ರದಲ್ಲೇ ಬರೆಸುವುದುಂಟು. ಅದೇ ವಿವೇಕ ಇಲ್ಲಿಯೂ ಬೇಕು. ಮಾರಾಟದ ಸುದ್ದಿ ತಿಳಿದೊಡನೆ, ಠೇವಣಿ ಇಷ್ಟು, ಅದು ಹೊಸಬರಿಗೆ ಸಂದಿದೆ, ಅವರೇ ಹಿಂತಿರುಗಿಸತಕ್ಕದ್ದು ಎಂದು ಇಬ್ಬರೂ ಸಹಿ ಮಾಡಿದ ಪತ್ರವನ್ನು ಕೇಳಿ ಪಡೆಯಿರಿ. ಹಳೆಯ ಮಾಲೀಕ ಊರು ಬಿಡುವ ಮೊದಲೇ ಇದಾಗಬೇಕು.

ಬಾಡಿಗೆಯನ್ನು ಯಾರಿಗೆ ಕೊಡಬೇಕೆಂಬುದಕ್ಕೂ ಹಳೆಯ ಮಾಲೀಕನ ಲಿಖಿತ ಸೂಚನೆ ಇರಲಿ. ಯಾರೋ ಕಳುಹಿಸಿದ ಎಂ-ಪೆಸಾ ಸಂಖ್ಯೆಗೆ ಹಣ ಹಾಕಿಬಿಡಬೇಡಿ. ಸಂಶಯವಿದ್ದರೆ ನೋಂದಣಿ ದಾಖಲೆಯ ಅಧಿಕೃತ ಶೋಧ ಮಾಡಿಸಬಹುದು. ನೈರೋಬಿಯಲ್ಲಿ 2021ರಿಂದ ಅದಕ್ಕೆ ಅರ್ಧಿಸಾಸ ಎಂಬ ಗಣಕ ವ್ಯವಸ್ಥೆಯಿದೆ. ಮನೆ ಬ್ಯಾಂಕಿಗೆ ಅಡವಾಗಿದೆಯೆ ಎಂಬುದೂ ಆ ಶೋಧದಲ್ಲಿ ಕಾಣುತ್ತದೆ. ಅಡವಾದ ಮನೆಯನ್ನು ಬ್ಯಾಂಕಿನ ಲಿಖಿತ ಸಮ್ಮತಿಯಿಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಅವಧಿಗೆ ಬಾಡಿಗೆಗೆ ಕೊಡಬಾರದೆಂಬುದು ಕಾಯಿದೆಯೇ ಹಾಕಿರುವ ಷರತ್ತು. ಸಮ್ಮತಿಯಿಲ್ಲದ ಕರಾರನ್ನು ಹರಾಜಿನಲ್ಲಿ ಕೊಂಡವನು ಒಪ್ಪದೆ ಹೋಗಬಹುದು. ಆದುದರಿಂದ ಹೊಸ ಮನೆಗೆ ಹೋಗುವವರು ಠೇವಣಿ ಕೊಡುವ ಮೊದಲೇ ಈ ಶೋಧ ಮಾಡಿಸಿ, ಅಡವಿದ್ದಲ್ಲಿ ಬ್ಯಾಂಕಿನ ಸಮ್ಮತಿಪತ್ರದ ಪ್ರತಿಯನ್ನು ಕೇಳಬೇಕು.