ಕೊನೆಯ ದಿನಗಳ ಆರೈಕೆ, ಅಗಲಿಕೆಯ ದುಃಖ: ನೆರವು ಎಲ್ಲಿದೆ, ಕೇಳುವುದು ಹೇಗೆ?

"ಇನ್ನು ಔಷಧಿಯಿಂದ ಗುಣವಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದು ವೈದ್ಯರು ಹೇಳಿದ ದಿನ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ನೋವು ಹೆಚ್ಚಾದರೆ ಯಾರನ್ನು ಕರೆಯುವುದು, ಬೆನ್ನಿನಲ್ಲಿ ಹುಣ್ಣಾದರೆ ಏನು ಮಾಡುವುದು, ರಾತ್ರಿ ಯಾರು ಕೂರುವುದು ಎಂಬ ಪ್ರಶ್ನೆಗಳು ಒಟ್ಟಿಗೆ ಬರುತ್ತವೆ. ಹೆಚ್ಚಿನ ಮನೆಗಳಲ್ಲಿ ಈ ಭಾರವೆಲ್ಲ ಒಬ್ಬರ ಮೇಲೆ, ಪತ್ನಿಯ ಮೇಲೋ ಸೊಸೆಯ ಮೇಲೋ ಬೀಳುತ್ತದೆ. ಹೊರಗಿನವರ ನೆರವು ಪಡೆದರೆ "ಹಿರಿಯರನ್ನು ನೋಡಿಕೊಳ್ಳಲಿಲ್ಲ" ಎಂದು ಜನ ಆಡಿಕೊಂಡಾರು ಎಂಬ ಅಂಜಿಕೆ ಬೇರೆ. ಆದರೆ ನಮ್ಮ ಶಾಸ್ತ್ರ ಹೇಳುವುದು ಇದಕ್ಕೆ ವಿರುದ್ಧವಾದ ಮಾತನ್ನು.

ಒಬ್ಬರಿಂದ ಆಗುವ ಸೇವೆಯಲ್ಲ

ಶಿವಾರ್ಯರ 'ಭಗವತೀ ಆರಾಧನಾ' ಗ್ರಂಥದಲ್ಲಿ ಸಮಾಧಿಮರಣದ ಕ್ರಮ ವಿವರವಾಗಿದೆ. ಸಲ್ಲೇಖನ ಸ್ವೀಕರಿಸಿದ ಕ್ಷಪಕನ ಸೇವೆಗೆ 48 ನಿರ್ಯಾಪಕರು ಇರಬೇಕೆಂದು ಅಲ್ಲಿ ಹೇಳಿದೆ. ಎಬ್ಬಿಸಿ ಕೂರಿಸುವವರು, ಧರ್ಮಕಥೆ ಹೇಳುವವರು, ಮಲಮೂತ್ರ ಶುಚಿ ಮಾಡುವವರು, ಬಾಗಿಲು ಕಾಯುವವರು, ರಾತ್ರಿ ಎಚ್ಚರವಿರುವವರು ಎಂದು ಕೆಲಸವನ್ನು ಹಂಚಲಾಗಿದೆ. ಕಾಲ ಅನುಕೂಲವಿಲ್ಲದಿದ್ದರೆ ಸಂಖ್ಯೆ ಕಡಿಮೆಯಾಗಬಹುದು, ಆದರೆ ಇಬ್ಬರಿಗಿಂತ ಕಡಿಮೆ ಆಗಬಾರದು. ಒಬ್ಬನೇ ಇದ್ದರೆ, ಅವನು ತನ್ನ ಆಹಾರ ವಿಶ್ರಾಂತಿಗೆ ಹೋದಾಗ ಕ್ಷಪಕನಿಗೆ ತೊಂದರೆ. ಹೋಗದಿದ್ದರೆ ಸೇವೆ ಮಾಡುವವನಿಗೇ ತೊಂದರೆ.

ಇದು ಮುನಿಸಂಘದ ವ್ಯವಸ್ಥೆ. ಆದರೂ ಶ್ರಾವಕರ ಮನೆಗೆ ಇದರಲ್ಲಿ ದೊಡ್ಡ ಪಾಠವಿದೆ. ಆರೈಕೆಯನ್ನು ಹಂಚಿಕೊಳ್ಳುವುದು ಕರ್ತವ್ಯದಿಂದ ಜಾರಿಕೊಂಡಂತೆ ಅಲ್ಲ. ಅದೇ ಸರಿಯಾದ ಕ್ರಮ.

ಉಪಶಮನ ಆರೈಕೆ ಎಂದರೇನು?

ಆಸ್ಪತ್ರೆಗಳಲ್ಲಿ ಇದನ್ನು ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ರೋಗವನ್ನು ಗುಣಪಡಿಸಲು ಆಗದಿದ್ದರೂ ನೋವು, ಉಬ್ಬಸ, ವಾಂತಿ, ಭಯ ಇವನ್ನು ಕಡಿಮೆ ಮಾಡುವ ಚಿಕಿತ್ಸೆ ಇದು. ಕ್ಯಾನ್ಸರ್ ರೋಗಿಗಳಿಗೆ ಮಾತ್ರವಲ್ಲ. ಮೂತ್ರಪಿಂಡ, ಹೃದಯ, ಶ್ವಾಸಕೋಶದ ಕಾಯಿಲೆ ಇರುವವರಿಗೂ, ಮರೆವಿನ ಕಾಯಿಲೆಯ ಹಿರಿಯರಿಗೂ ಬೇಕಾಗುತ್ತದೆ. ಕೊನೆಯ ವಾರದವರೆಗೆ ಕಾಯದೆ ಮೊದಲೇ ಕೇಳಿದರೆ ಪ್ರಯೋಜನ ಹೆಚ್ಚು.

ಬೆಂಗಳೂರಿನ ಮಾರತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಮನೆಗೆ ಬಂದು ಆರೈಕೆ ಮಾಡುವ ತಂಡವೂ ಅವರಲ್ಲಿದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಮತ್ತು ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮನೆ ಆರೈಕೆ ನೀಡುತ್ತದೆ. ಬೇರೆ ಊರಿನವರು ಜಿಲ್ಲಾ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಕೇರ್ ಎಂದೇ ಹೆಸರು ಹೇಳಿ ವಿಚಾರಿಸಬೇಕು. ಎಲ್ಲೇ ಹೋದರೂ ಡಿಸ್ಚಾರ್ಜ್ ಸಾರಾಂಶ ಮತ್ತು ಔಷಧಿ ಚೀಟಿ ಜೊತೆಯಲ್ಲಿರಲಿ.

ಮಾರ್ಫಿನ್ ಎಂದರೆ ಹಲವರು ಹೆದರುತ್ತಾರೆ. ತೀವ್ರ ನೋವಿಗೆ ವೈದ್ಯರು ಲೆಕ್ಕ ಹಾಕಿ ಕೊಡುವ ಮಾರ್ಫಿನ್ ಮಾನ್ಯವಾದ ಔಷಧಿ. ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿದೆ.

ಗಡ್ಡೆ ಗೆಣಸು ವರ್ಜ್ಯ, ಸೂರ್ಯಾಸ್ತದ ಮೊದಲು ಊಟ, ಸೋಸಿದ ನೀರು ಇಂಥ ನಿಯಮಗಳನ್ನು ದಾಖಲು ಮಾಡುವಾಗಲೇ ತಿಳಿಸಬೇಕು. ರಾತ್ರಿ ಔಷಧಿ ತೆಗೆದುಕೊಳ್ಳಲು ರೋಗಿ ಹಿಂಜರಿದರೆ ವೈದ್ಯರೊಡನೆ ಸಮಯ ಹೊಂದಿಸಿಕೊಳ್ಳಬಹುದೇ ಎಂದು ಕೇಳಬೇಕು. ಮನೆಯವರೇ ಔಷಧಿ ನಿಲ್ಲಿಸಬಾರದು.

ಎರಡು ಬೇರೆ ವಿಷಯಗಳು

ಸಲ್ಲೇಖನ ಮತ್ತು ಜೀವಂತ ಉಯಿಲು ಒಂದೇ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಸಲ್ಲೇಖನ ಗುರುಗಳ ಸನ್ನಿಧಿಯಲ್ಲಿ ಸ್ವಂತ ಇಚ್ಛೆಯಿಂದ ತೆಗೆದುಕೊಳ್ಳುವ ವ್ರತ. ಬಂಧುಗಳು ಅದನ್ನು ಹೇರುವಂತಿಲ್ಲ, ಆರೈಕೆಯ ಕಷ್ಟಕ್ಕೆ ಅದು ಪರಿಹಾರವೂ ಅಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಇದರ ವಿರುದ್ಧ ನೀಡಿದ ತೀರ್ಪಿಗೆ ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು.

ಜೀವಂತ ಉಯಿಲು ಕಾನೂನಿನ ಪತ್ರ. ಗುಣವಾಗುವ ಭರವಸೆ ಇಲ್ಲದಾಗ ತನಗೆ ವೆಂಟಿಲೇಟರ್ ಮುಂತಾದವು ಬೇಡವೆಂದು, ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬರೆದಿಡುವುದು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮಾನ್ಯ ಮಾಡಿತು, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಹಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ಬಗ್ಗೆ ಆದೇಶ ಹೊರಡಿಸಿದೆ.

ಅಗಲಿದ ನಂತರ

ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವರೇ ವರದಿ ಕಳುಹಿಸುತ್ತಾರೆ. ಮನೆಯಲ್ಲಾದರೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಂದ ಮರಣ ಕಾರಣದ ಪತ್ರ ಪಡೆದು ಸ್ಥಳೀಯ ನೋಂದಣಿ ಕಚೇರಿಗೆ ಕೊಡಬೇಕು. ಬ್ಯಾಂಕ್, ವಿಮೆ, ಪಿಂಚಣಿ, ಅಂಗಡಿಯ ಲೈಸೆನ್ಸ್ ಎಲ್ಲಕ್ಕೂ ಮರಣ ಪ್ರಮಾಣಪತ್ರ ಬೇಕಾಗುವುದರಿಂದ ಹಲವು ಪ್ರತಿಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಸೂತಕ ಮುಗಿಯುವವರೆಗೆ ಮನೆ ತುಂಬ ಜನ. ಆಮೇಲೆ ಗಂಡುಮಕ್ಕಳು ಅಂಗಡಿಗೆ ಹೋಗುತ್ತಾರೆ, ನೆಂಟರು ಊರಿಗೆ ಹೋಗುತ್ತಾರೆ, ಉಳಿದವರಿಗೆ ನಿಜವಾದ ದುಃಖ ಆಗ ಶುರುವಾಗುತ್ತದೆ. ಸಂಸಾರದ ಅನಿತ್ಯತೆಯನ್ನು ಬಲ್ಲವರಿಗೂ ಕಣ್ಣೀರು ಬರುತ್ತದೆ; "ಅಳಬಾರದು, ಆರ್ತಧ್ಯಾನ" ಎಂದು ಬಾಯಿ ಮುಚ್ಚಿಸುವುದಕ್ಕಿಂತ ಹತ್ತಿರ ಕುಳಿತು ಕೇಳಿಸಿಕೊಳ್ಳುವುದು ಮೇಲು. ತಿಂಗಳುಗಟ್ಟಲೆ ನಿದ್ದೆ, ಊಟ ಬಿಟ್ಟವರು, ಬದುಕೇ ಬೇಡ ಎನ್ನುವವರು ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಇದು ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಒಂಟಿಯಾದ ಹಿರಿಯರ ನೆರವಿಗೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ.

ಬಸದಿಯಲ್ಲಿ ಏನು ಮಾಡಬಹುದು?

ಪ್ರತಿ ಊರಿನ ಬಸದಿ ಸಮಿತಿ ಮತ್ತು ಮಹಿಳಾ ಸಮಾಜ ಒಂದು ಪಟ್ಟಿ ಮಾಡಬಹುದು: ರಾತ್ರಿ ಕೂರಲು ಬರುವವರು ಯಾರು, ಆಸ್ಪತ್ರೆಗೆ ವಾಹನ ಕೊಡುವವರು ಯಾರು, ಶುದ್ಧ ಊಟ ತಲುಪಿಸುವವರು ಯಾರು, ಣಮೋಕಾರ ಮಂತ್ರ ಕೇಳಿಸುವವರು ಯಾರು, ಅರ್ಜಿ ಬರೆದುಕೊಡುವವರು ಯಾರು. 48 ಜನ ಸಿಗದಿರಬಹುದು. ಪ್ರತಿ ಮನೆಗೆ ಇಬ್ಬರು ಸಿಕ್ಕರೂ ಶಾಸ್ತ್ರ ಹೇಳಿದ ಕನಿಷ್ಠ ಸಂಖ್ಯೆ ಪೂರ್ತಿಯಾಗುತ್ತದೆ.